ಪರ್ಮಾಂಗನೇಟ್ ಟೈಟ್ರೇಶನ್: ಬೆಳಿಗ್ಗೆ ಒಂದು ರೀಡಿಂಗ್, ಮಧ್ಯಾಹ್ನ ಇನ್ನೊಂದು. ತಪ್ಪು ಎಲ್ಲಿ?

ಹೊಸ ಅಟೆಂಡರ್
ಪಿಯು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಅಟೆಂಡರ್ ಕೆಲಸ, ಸೇರಿ ಎರಡು ತಿಂಗಳು. ಬೆಳಿಗ್ಗೆ 8ಕ್ಕೆ ಟೈಟ್ರೇಶನ್‌ಗೆ (ಒಂದು ದ್ರಾವಣವನ್ನು ಇನ್ನೊಂದಕ್ಕೆ ಹನಿಹನಿಯಾಗಿ ಬಿಟ್ಟು ಎಷ್ಟು ಬೇಕು ಅಂತ ಅಳೆಯುವುದು) 0.02 ಮೋಲಾರ್ (ದ್ರಾವಣದ ಗಟ್ಟಿತನದ ಅಳತೆ) ಪರ್ಮಾಂಗನೇಟ್ ಎರಡು ಲೀಟರ್ ಕಲಸಿ, ಫಿಲ್ಟರ್ ಪೇಪರ್‌ನಲ್ಲಿ ಸೋಸಿ ಬಾಟಲಿಗೆ ತುಂಬಿಸಿದ್ದೆ. 0.05 ಮೋಲಾರ್ ಆಕ್ಸಾಲಿಕ್ ಆಸಿಡ್ 10 ಮಿ.ಲೀ.ಗೆ ಮೊದಲ ಬ್ಯಾಚ್‌ನಲ್ಲಿ 10.1 ಮಿ.ಲೀ. ಪರ್ಮಾಂಗನೇಟ್ ಬೇಕಾಯ್ತು, ಮಧ್ಯಾಹ್ನ 10.6. ಕೆಲವರ ಫ್ಲಾಸ್ಕ್‌ನಲ್ಲಿ ಕಂದು ಗಸಿ. ಎರಡು ಬ್ಯೂರೆಟ್‌ಗಳ (ಹನಿ ಬಿಡುವ ಅಳತೆಯ ಗಾಜಿನ ಕೊಳವೆ) ತುದಿ ಕಟ್ಟಿಕೊಂಡಿದೆ. ಮುಂದಿನ ವಾರ ಪರೀಕ್ಷೆ, ಗೊತ್ತಿರೋರು ಹೇಳಿ.

ಪಿಪೆಟ್
ಹುಡುಗರ ತಪ್ಪಿಗಿಂತ ದ್ರಾವಣದ ತಪ್ಪೇ ಜಾಸ್ತಿ. ರೀಡಿಂಗ್ ಏರಿದೆ ಅಂದರೆ ಪರ್ಮಾಂಗನೇಟ್‌ನ ಶಕ್ತಿ ಇಳಿದಿದೆ ಅಂತಲೇ ಅರ್ಥ. ನೀರಿನಲ್ಲಿರುವ ಚೂರುಪಾರು ಸಾವಯವ ಕಸವನ್ನು ಅದು ತಿನ್ನುತ್ತಾ ಕಂದು ಮ್ಯಾಂಗನೀಸ್ ಡೈಆಕ್ಸೈಡ್ ಆಗಿ ಕೂರುತ್ತದೆ, ಕೂತದ್ದು ಉಳಿದದ್ದನ್ನೂ ಕೆಡಿಸುತ್ತದೆ. ಫಿಲ್ಟರ್ ಪೇಪರ್ ಕೂಡ ಅದಕ್ಕೆ ಆಹಾರವೇ. ಸೋಸಿದ ಮೇಲೆ ಪೇಪರ್ ಕಂದು ಬಣ್ಣಕ್ಕೆ ತಿರುಗಿದ್ದನ್ನು ನೀವೂ ನೋಡಿರುತ್ತೀರಿ.

ಹಿಂದಿನ ದಿನವೇ ಮಾಡಿ. ಎರಡು ಲೀಟರ್‌ಗೆ ಪರ್ಮಾಂಗನೇಟ್ ಹರಳು 6.32 ಗ್ರಾಂ. ಮೊದಲು 200 ಮಿ.ಲೀ. ಬಿಸಿ ನೀರಿನಲ್ಲಿ ಕದಡಿ, ಮೇಲಿನದನ್ನು ಬಗ್ಗಿಸಿಕೊಂಡು, ತಳದಲ್ಲಿ ಉಳಿದ ಹರಳಿಗೆ ಮತ್ತೆ ಬಿಸಿ ನೀರು ಹಾಕಿ. ಈ ಬಣ್ಣದಲ್ಲಿ ಕರಗದ ಹರಳು ಕಣ್ಣಿಗೆ ಬೀಳುವುದೇ ಇಲ್ಲ. ಬೀಕರ್ ಓರೆ ಮಾಡಿದಾಗ ಮೂಲೆಯಲ್ಲಿ ಕಪ್ಪು ಮರಳಿನ ಹಾಗೆ ಜಾರಿದರೆ ಇನ್ನೂ ಕರಗಿಲ್ಲ ಅಂತ. ಆಮೇಲೆ ಕುದಿಯುವಷ್ಟು ಕಾಯಿಸಿ, 15–30 ನಿಮಿಷ ಹಾಗೇ ಇಟ್ಟು, ಆರಿದ ಮೇಲೆ ಎರಡು ಲೀಟರ್‌ಗೆ ಭರ್ತಿ ಮಾಡಿ ರಾತ್ರಿ ಕತ್ತಲಲ್ಲಿಡಿ. ಬೆಳಿಗ್ಗೆ ಗಾಜಿನ ಹತ್ತಿಯಲ್ಲಿ ಸೋಸಿ ಕಂದು ಬಾಟಲಿಗೆ ತುಂಬಿ. ಬ್ಯಾಚ್ ಬರುವ ಮೊದಲು ನೀವೇ ಒಂದು ಟೈಟ್ರೇಶನ್ ಮಾಡಿ ರೀಡಿಂಗ್ ಬರೆದಿಡಿ.

ಕಂದು ಗಸಿಗೆ ಕಾರಣ ಮೂರು: ಆಸಿಡ್ ಸಾಲದು, ಬಿಸಿ ಸಾಲದು, ಅಥವಾ ಸುರಿಯುವ ಆತುರ. ಮೊದಲ ಒಂದೆರಡು ಹನಿಯ ಬಣ್ಣ ಹೋಗಲು ತುಸು ಹೊತ್ತು ಬೇಕು. ಪರ್ಮಾಂಗನೇಟ್‌ನಿಂದ ಮ್ಯಾಂಗನಸ್ ಅಯಾನು ಹುಟ್ಟಿದ ಮೇಲಷ್ಟೇ ಕ್ರಿಯೆ ಚುರುಕಾಗುತ್ತದೆ. ಅಷ್ಟರಲ್ಲಿ ಹುಡುಗರು ನಲ್ಲಿ ಪೂರ್ತಿ ತಿರುಗಿಸಿರುತ್ತಾರೆ! ಫ್ಲಾಸ್ಕ್ 60–70 ಡಿಗ್ರಿ ಇರಲಿ, ಕುದಿಸಿದರೆ ಆಕ್ಸಾಲಿಕ್ ಆಸಿಡ್ಡೇ ಒಡೆಯುತ್ತದೆ.

ಗಾಜಿನ ಹತ್ತಿ
ಮೇಲೆ ಹೇಳಿದ್ದು ಸರಿ. ಗಾಜಿನ ಹತ್ತಿ ಸ್ಟಾಕ್‌ನಲ್ಲಿ ಇಲ್ಲದಿದ್ದರೆ ಸೋಸಲೇಬೇಡಿ, ತಳ ಕದಡದಂತೆ ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಕೊನೆಯ 100 ಮಿ.ಲೀ. ಚೆಲ್ಲಿದರೂ ನಷ್ಟವಿಲ್ಲ.

ಡೈಲ್ಯೂಟ್ ಸಲ್ಫ್ಯೂರಿಕ್ ಬಾಟಲಿಯನ್ನೂ ಅನುಮಾನಿಸಿ. 2 ನಾರ್ಮಲ್ (ಇದೂ ಗಟ್ಟಿತನದ ಅಳತೆ) ಒಂದು ಲೀಟರ್‌ಗೆ ಕಾನ್ಸಂಟ್ರೇಟೆಡ್ ಆಸಿಡ್ 56 ಮಿ.ಲೀ. ಬೇಕು. ಅಂದಾಜಿಗೆ ಸುರಿದರೆ ಅರ್ಧಕ್ಕರ್ಧ ಕಮ್ಮಿಯಾಗುವುದು ಮಾಮೂಲು. ತಣ್ಣೀರಿನ ತೊಟ್ಟಿಯಲ್ಲಿ ಬೀಕರ್ ಇಟ್ಟು, 700 ಮಿ.ಲೀ. ನೀರಿಗೆ ಆಸಿಡ್ ಅನ್ನು ಸಣ್ಣ ಧಾರೆಯಲ್ಲಿ ಬಿಡುತ್ತಾ ಕಲಕಿ, ಆರಿದ ಮೇಲೆ ಭರ್ತಿ ಮಾಡಿ. ಆಸಿಡ್‌ಗೆ ನೀರು ಎಂದೂ ಬೇಡ. ಅಳತೆ ಜಾಡಿಯಲ್ಲೇ ಬೆರೆಸಲೂ ಬೇಡಿ, ಬಿಸಿಗೆ ತಳ ಬಿರಿಯುತ್ತದೆ. ಹೈಡ್ರೋಕ್ಲೋರಿಕ್ ಆಸಿಡ್ ಹಾಕಿದರೆ ಕ್ಲೋರೈಡ್ ಕೂಡ ಪರ್ಮಾಂಗನೇಟ್ ತಿಂದು ರೀಡಿಂಗ್ ಏರುತ್ತದೆ.

ಪರೀಕ್ಷೆಗೆ ಆಕ್ಸಾಲಿಕ್ ಬದಲು ಮೋರ್ಸ್ ಸಾಲ್ಟ್ (ಕಬ್ಬಿಣದ ಒಂದು ಲವಣ) ಬಂದರೆ 0.1 ಮೋಲಾರ್‌ಗೆ ಲೀಟರ್‌ಗೆ 39.2 ಗ್ರಾಂ. ಬರೀ ನೀರಿಗೆ ಹಾಕಿದರೆ ಹಳದಿಗೆ ತಿರುಗುತ್ತದೆ, ಆದ್ದರಿಂದ ಮೊದಲು ಡೈಲ್ಯೂಟ್ ಸಲ್ಫ್ಯೂರಿಕ್‌ನಲ್ಲಿ ಕರಗಿಸಿ. ಅದನ್ನು ಅದೇ ದಿನ ಮಾಡಬೇಕು, ಟೈಟ್ರೇಶನ್‌ಗೆ ಕಾಯಿಸಬಾರದು. ಆಕ್ಸಾಲಿಕ್‌ಗೆ ಕಾಯಿಸಿ ಅಭ್ಯಾಸವಾದ ಹುಡುಗರು ಇಲ್ಲೇ ಎಡವುತ್ತಾರೆ.

ಹೊಸ ಅಟೆಂಡರ್
ಆಕ್ಸಾಲಿಕ್ ಆಸಿಡ್ ಮೂರು ದಿನ ಹಳೆಯದು, ಬಳಸಬಹುದಾ? ಕಟ್ಟಿಕೊಂಡ ಬ್ಯೂರೆಟ್‌ಗಳಿಗೆ ಏನು ಮಾಡಲಿ? ಅವು ರಬ್ಬರ್ ಟ್ಯೂಬ್, ಕ್ಲಿಪ್ ಇರುವ ಬ್ಯೂರೆಟ್‌ಗಳು.

ಪಿಪೆಟ್
ಹೇಳಬೇಕಾದ್ದನ್ನು ಕೊನೆಗೆ ಹೇಳಿದಿರಿ! ರಬ್ಬರ್ ಟ್ಯೂಬ್ ಬ್ಯೂರೆಟ್‌ಗೆ ಪರ್ಮಾಂಗನೇಟ್ ಹಾಕಲೇಬಾರದು, ರಬ್ಬರನ್ನೇ ತಿನ್ನುತ್ತದೆ. ಗಾಜಿನ ನಲ್ಲಿಯದೇ ಬೇಕು. ಟ್ಯೂಬ್ ಕಿತ್ತು ಎಸೆಯಿರಿ. ಗಾಜಿನ ತುದಿಯನ್ನು ಬೆಚ್ಚಗಿನ ಡೈಲ್ಯೂಟ್ ಸಲ್ಫ್ಯೂರಿಕ್ 100 ಮಿ.ಲೀ.ಗೆ ಚಿಟಿಕೆ ಆಕ್ಸಾಲಿಕ್ ಹರಳು ಹಾಕಿದ ನೀರಲ್ಲಿ ಮುಳುಗಿಸಿಡಿ, ಕಂದು ಕರಗಿಹೋಗುತ್ತದೆ. ತಂತಿ ತೂರಿಸಿದರೆ ತುದಿ ಒಡೆಯುತ್ತದೆ. ಮುಂದೆಯೂ ಪ್ರಾಕ್ಟಿಕಲ್ ಮುಗಿದ ಕೂಡಲೇ ಬ್ಯೂರೆಟ್ ಖಾಲಿ ಮಾಡಿಸಿ, ರಾತ್ರಿಯಿಡೀ ತುಂಬಿಟ್ಟರೆ ಮತ್ತೆ ಕಟ್ಟುತ್ತದೆ.

ಆಕ್ಸಾಲಿಕ್ ದ್ರಾವಣ ಮೂರು ದಿನಕ್ಕೆ ಕೆಡುವುದಿಲ್ಲ, ಆದರೂ ಪರೀಕ್ಷೆಗೆ ಹೊಸದು ಮಾಡಿ. ಲೀಟರ್‌ಗೆ 6.3 ಗ್ರಾಂ ಹಾಕಿದರೆ ಸಾಕು.

ಗಾಜಿನ ಹತ್ತಿ
ತೊಳೆಯುವಾಗ ಇನ್ನೊಂದು: ಬ್ಯೂರೆಟ್ ಮತ್ತು ಪಿಪೆಟ್‌ಗೆ (ದ್ರಾವಣ ಅಳೆದು ಫ್ಲಾಸ್ಕ್‌ಗೆ ಹಾಕುವ ಕೊಳವೆ) ಕಡೆಯ ತೊಳೆತ ಅದದರ ದ್ರಾವಣದಿಂದಲೇ ಆಗಬೇಕು. ಕೋನಿಕಲ್ ಫ್ಲಾಸ್ಕ್‌ಗೆ ಮಾತ್ರ ಬರೀ ಡಿಸ್ಟಿಲ್ಡ್ ವಾಟರ್. ಅದನ್ನು ಆಕ್ಸಾಲಿಕ್‌ನಿಂದ ತೊಳೆದರೆ ಗೋಡೆಗೆ ಅಂಟಿದ್ದೂ ಲೆಕ್ಕಕ್ಕೆ ಸೇರುತ್ತದೆ.

ಹೊಸ ಅಟೆಂಡರ್
ಗಾಜಿನ ನಲ್ಲಿಯ ಬ್ಯೂರೆಟ್ 14 ಇವೆ, ಬ್ಯಾಚ್‌ಗೆ 12 ಸಾಕು. ಕ್ಲಿಪ್‌ನವಕ್ಕೆ ಹೊಸ ಟ್ಯೂಬ್ ಹಾಕಿ ಕಾಸ್ಟಿಕ್ ಸೋಡಾಕ್ಕೆ ಎತ್ತಿಡುತ್ತೇನೆ.

ಪಿಪೆಟ್
ಸರಿಯಾದ ಜಾಗ. ಸೋಡಾಕ್ಕೆ ಗಾಜಿನ ನಲ್ಲಿಯೇ ಆಗದು, ಕಚ್ಚಿಕೊಂಡುಬಿಡುತ್ತದೆ.