ಸಹಾಯ ಬೇಕು: ವಿಜಿ-30 ಡಾಂಬರಿಗೆ ಪೆನೆಟ್ರೇಶನ್ 52 ಬಂದರೆ ಫೇಲಾ?

ಎಲ್ಲರಿಗೂ ನಮಸ್ಕಾರ. ಮಂಡ್ಯ ಹತ್ತಿರ ಒಂದು ಹಳ್ಳಿ ರಸ್ತೆ ಕೆಲಸವನ್ನು ತುಂಡು ಗುತ್ತಿಗೆಗೆ ಹಿಡಿದಿದ್ದೇನೆ. ಕಬ್ಬಿನ ಟ್ರ್ಯಾಕ್ಟರ್ ಓಡಾಡುವ ದಾರಿ. ಹಳೇ ಎಸ್ಟಿಮೇಟಿನಲ್ಲಿ 60/70 ಡಾಂಬರು ಅಂತ ಬರೆದಿದೆ. ಬಂದಿರುವ ಡ್ರಮ್ಮುಗಳ ಮೇಲೆ ವಿಜಿ-30 (ವಿಸ್ಕಾಸಿಟಿ, ಅಂದರೆ ಹರಿಯದೆ ತಡೆಯುವ ಮಂದತನ ನೋಡಿ ಕೊಡುವ ಗ್ರೇಡು) ಅಂತ ಇದೆ.

ಎರಡೂ ಒಂದೇ ಅಂತ ಮಾರಿದವರು ಹೇಳಿದರು, ನಾನೂ ನಂಬಿದೆ. ಆದರೆ ಲ್ಯಾಬಿನಲ್ಲಿ ಪೆನೆಟ್ರೇಶನ್ 52 ಬಂತು. ಅಂದರೆ 25 ಡಿಗ್ರಿಯಲ್ಲಿ, 100 ಗ್ರಾಂ ಭಾರಕ್ಕೆ, 5 ಸೆಕೆಂಡಿನಲ್ಲಿ ಸೂಜಿ 5.2 ಮಿಲಿಮೀಟರ್ ಇಳಿದಿದೆ. 60/70 ಅಂದರೆ 6ರಿಂದ 7 ಮಿಲಿಮೀಟರ್ ಇಳಿಯಬೇಕಲ್ವಾ? ಇಂಜಿನಿಯರ್ ಸಾಹೇಬರು ಸಹಿ ಹಾಕದೆ ರಿಪೋರ್ಟ್ ವಾಪಸ್ ಕೊಟ್ಟರು. ನಮ್ಮ ಮೇಸ್ತ್ರಿಯಂತೂ ಕಡ್ಡಿಗೆ ಅಂಟಿಸಿ ಎಳೆದು ನೋಡಿ, "ಚೆನ್ನಾಗೈತೆ ಬುಡಿ ಸಾಮಿ" ಅಂದ. ಆ ಟೆಸ್ಟಿಗೆ ಸಹಿ ಹಾಕೋರು ಯಾರು!

ಡಾಂಬರಿನ ಭಾರತೀಯ ಮಾನದಂಡ ಐಎಸ್ 73, 2013ರ ಪ್ರತಿ ಹುಡುಕಿ ಓದಿದೆ. ಅದರಲ್ಲಿ ವಿಜಿ-30ಕ್ಕೆ ಪೆನೆಟ್ರೇಶನ್ ಕನಿಷ್ಠ 45 ಅಂತಷ್ಟೇ ಇದೆ. ಗ್ರೇಡು ನಿಲ್ಲುವುದೇ 60 ಡಿಗ್ರಿಯ ವಿಸ್ಕಾಸಿಟಿ ಮೇಲೆ, 2400ರಿಂದ 3600 ಪಾಯ್ಸ್. ನಮ್ಮದು 2850 ಬಂದಿದೆ. ಮೆತ್ತಗಾಗುವ ಉಷ್ಣತೆ ಕನಿಷ್ಠ 47 ಡಿಗ್ರಿ ಇರಬೇಕು, ನಮ್ಮದು 50.

ಹಾಗಾದರೆ ಮಾಲು ಸರಿಯಾಗಿಯೇ ಇದೆ ಅನ್ನಿಸುತ್ತೆ. ಡ್ರಮ್ಮು ಬಿಸಿಲಲ್ಲಿ ಸುಮ್ನೆ ಬಿದ್ದಿವೆ, ಕೂಲಿಯವರೂ ಕಾಯ್ತಿದ್ದಾರೆ.

ಎಸ್ಟಿಮೇಟಿನಲ್ಲಿ 60/70 ಅಂತಿದ್ದು ವಿಜಿ-30 ಹಾಕುವಾಗ ಪೆನೆಟ್ರೇಶನ್ ಯಾವ ಲೆಕ್ಕಕ್ಕೆ ಹಿಡಿಯಬೇಕು, ಹಳೇ 60-70ಕ್ಕೋ, ಕನಿಷ್ಠ 45ಕ್ಕೋ? ಇದೇ ಪರಿಸ್ಥಿತಿಯಲ್ಲಿ ಪಾಸ್ ಮಾಡಿಸಿಕೊಂಡವರು ಸಾಹೇಬರಿಗೆ ಏನಂತ ಬರೆದು ಕೊಟ್ಟಿರಿ?