ಮಾಜಿ ಸೈನಿಕ ಮಾವನವರಿಗೆ ಮೂರು ವರ್ಷದಿಂದ ಸುಸ್ತು, ಎದ್ದು ನಿಂತರೆ ಕಣ್ಣಿಗೆ ಕತ್ತಲಿ: ಎಲ್ಲಿಂದ ಶುರು ಮಾಡೂದು?

ಸವಣೂರ_ಎಲಿ:
ನಮ್ಮ ಮಾವನವರಿಗೆ 58 ವರ್ಷ. ಇನ್‌ಫಂಟ್ರಿಯೊಳಗ 24 ವರ್ಷ ಸೇವೆ ಮಾಡಿ 2009ರಾಗ ಹವಾಲ್ದಾರ್ ಆಗಿ ನಿವೃತ್ತಿ ಆದ್ರು. ಈಗ ಬ್ಯಾಡಗಿ ಕಡೆ ಹೊಲ ಮಾಡ್ತಾರ, ಮೆಣಸಿನಕಾಯಿ ಮತ್ತ ಗೋವಿನಜೋಳ. ಮೂರು ವರ್ಷ ಆತು, ಸುಸ್ತು ಹೋಗವಲ್ದು. ಎಂಟು ತಾಸು ಮಲಗಿದ್ರೂ ನಿದ್ದಿ ಆದಂಗ ಅನಸೂದಿಲ್ಲಂತ. ಹಾಸಿಗಿಂದ ಎದ್ದ ಕೂಡ್ಲೇ ಕಣ್ಣಿಗೆ ಕತ್ತಲಿ ಬರತೈತಿ, ಊಟ ಆದಮ್ಯಾಲೆ ಇನ್ನೂ ಹೆಚ್ಚು. ಪಾದ ಜುಮುಜುಮು ಅಂತಾವ. ಒಂದು ದಿನ ಚಲೋ ಅನಿಸಿದ್ರ ಸಾಕು, ಮಿಲಿಟ್ರಿ ರೂಢಿ, ನಸುಕಿನ್ಯಾಗ 5 ಕಿಲೋಮೀಟರ್ ಓಡಿ ಬರ್ತಾರ. ಆಮ್ಯಾಲೆ ಎರಡು ದಿನ ಏಳಾಕ ಆಗೂದಿಲ್ಲ.

ಗುಳಿಗಿ: ಸಕ್ಕರಿಗೆ ಮೆಟ್‌ಫಾರ್ಮಿನ್ (8 ವರ್ಷದಿಂದ), ಬಿಪಿಗೆ ಟೆಲ್ಮಿಸಾರ್ಟನ್-ಹೈಡ್ರೋಕ್ಲೋರೋಥಯಾಜೈಡ್, ಪ್ರಾಸ್ಟೇಟಿಗೆ ರಾತ್ರಿ ಟ್ಯಾಮ್ಸುಲೋಸಿನ್. ಹಿಮೋಗ್ಲೋಬಿನ್, ಥೈರಾಯ್ಡ್, ಇಸಿಜಿ ಎಲ್ಲಾ ನಾರ್ಮಲ್. ತೋರಿಸಿದ ಕಡೆ ಎಲ್ಲಾ "ವಯಸ್ಸಾತು" ಅಂತಾರ. ಗಲ್ಫ್ ಯುದ್ಧದ ಅಮೆರಿಕನ್ ಸೈನಿಕರಿಗೂ ಹಿಂಗ ಆಗಿತ್ತಂತ ಓದಿದೆ. ಅದ ಇದ ಏನ್ರಿ?

ನಾಡಿಬಡಿತ:
58 ಅಂದರೆ ಈ ಸ್ಥಿತಿಗೆ "ವಯಸ್ಸಾಯಿತು" ಎನ್ನುವ ವಯಸ್ಸಲ್ಲ. ಮೊದಲು ಒಂದು ಕೇಳುತ್ತೇನೆ: ಅವರು ನಿಂತಿರುವಾಗ ಯಾರಾದರೂ ಬಿಪಿ ನೋಡಿದ್ದಾರೆಯೇ? ಎಲ್ಲ ಕಡೆ ಕುರ್ಚಿಯಲ್ಲಿ ಕೂರಿಸಿ ಒಂದು ಸಲ ನೋಡಿ ಬರೆದುಕೊಡುತ್ತಾರೆ. ನೀವು ಹೇಳುವ ತೊಂದರೆ ಕೂತಾಗ ಕೈಗೆ ಸಿಗುವುದೇ ಇಲ್ಲ.

ಮನೆಯಲ್ಲೇ ನೋಡಬಹುದು. ತೋಳಿಗೆ ಕಟ್ಟುವ ಡಿಜಿಟಲ್ ಬಿಪಿ ಮಷಿನ್ ಬೇಕು, ಮಣಿಕಟ್ಟಿನದು ಬೇಡ. ಬೆಳಿಗ್ಗೆ ಚಹಾ, ತಿಂಡಿ, ಗುಳಿಗೆಗೆ ಮುಂಚೆ 10 ನಿಮಿಷ ಅಂಗಾತ ಮಲಗಿಸಿ. ಮಾತು ಬೇಡ, ಮೊಬೈಲ್ ಬೇಡ. ಮಲಗಿದಲ್ಲೇ ಬಿಪಿ ಮತ್ತು ನಾಡಿ ಎರಡು ಸಲ ಬರೆದುಕೊಳ್ಳಿ. ಆಮೇಲೆ ಎಬ್ಬಿಸಿ ಗೋಡೆಗೆ ಬೆನ್ನು ಆನಿಸಿ ನಿಲ್ಲಿಸಿ, ಹಿಮ್ಮಡಿ ಗೋಡೆಯಿಂದ ಒಂದು ಗೇಣಿನಷ್ಟು ಮುಂದಿರಲಿ. 1, 3, 5, 10ನೇ ನಿಮಿಷಕ್ಕೆ ನೋಡಿ. ಮಷಿನ್ ಕಟ್ಟಿದ ತೋಳನ್ನು ಎದೆಯ ಮಟ್ಟಕ್ಕೆ ಹಿಡಿದುಕೊಳ್ಳಬೇಕು. ಕೈ ಕೆಳಗೆ ಜೋತುಬಿದ್ದರೆ ಬಿಪಿ ಇದ್ದದ್ದಕ್ಕಿಂತ ಹೆಚ್ಚು ತೋರಿಸುತ್ತದೆ, ಕುಸಿತ ಮುಚ್ಚಿಹೋಗುತ್ತದೆ. ಬಹಳ ಜನ ತಪ್ಪುವುದು ಇಲ್ಲೇ. ಪಕ್ಕದಲ್ಲಿ ಕುರ್ಚಿ ಇಟ್ಟು ಒಬ್ಬರು ನಿಂತಿರಿ. ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ.

ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ನಿಂತಾಗ ಬಿಪಿ ಕುಸಿಯುವ ತೊಂದರೆ. ಬಿಪಿ ಇಳಿಯದೆ ನಾಡಿ ಮಾತ್ರ 10 ನಿಮಿಷದೊಳಗೆ 30 ಏರಿ ಅಲ್ಲೇ ನಿಂತರೆ ಅದು ಪಾಟ್ಸ್ ಎಂಬ ಬೇರೆ ತೊಂದರೆಯ ಗುರುತು. ಅದು ಹೆಚ್ಚಾಗಿ ಹರೆಯದವರಲ್ಲಿ. ಎರಡೂ ನಾವು ಹೇಳದೆ ತಾನಾಗಿ ಕೆಲಸ ಮಾಡುವ ನರವ್ಯೂಹಕ್ಕೆ ಸೇರಿದ್ದು. ನಿಂತ ಕೂಡಲೇ ಕಾಲಿನ ರಕ್ತನಾಳ ಬಿಗಿಯಾಗಿ ರಕ್ತ ಮೇಲೇರಬೇಕು. ಆ ಆಜ್ಞೆ ತಲುಪದಿದ್ದರೆ ಮಿದುಳಿಗೆ ರಕ್ತ ಸಾಲದು, ಕಣ್ಣಿಗೆ ಕತ್ತಲೆ ಬರುತ್ತದೆ.

ಇನ್ನು ಬಿ12 ವಿಟಮಿನ್. ಮೆಟ್‌ಫಾರ್ಮಿನ್ ಬಹಳ ವರ್ಷ ತೆಗೆದುಕೊಂಡರೆ ಇದು ಕಡಿಮೆಯಾಗಬಹುದು. ಎಂಟು ವರ್ಷ ಮೆಟ್‌ಫಾರ್ಮಿನ್, ಪಾದ ಜುಮುಜುಮು, ಸುಸ್ತು: ಇದನ್ನು ಇಲ್ಲಿಯವರೆಗೆ ನೋಡಿಲ್ಲ ಅನ್ನುವುದೇ ಬೇಸರದ ಸಂಗತಿ. ಹಿಮೋಗ್ಲೋಬಿನ್ ನಾರ್ಮಲ್ ಇದ್ದರೂ ಬಿ12 ಕೊರತೆಯಿಂದ ನರ ಕೆಡಬಹುದು. ರಕ್ತ ಕೊಡುವವರೆಗೆ "ಶಕ್ತಿ ಇಂಜೆಕ್ಷನ್" ಹಾಕಿಸಬೇಡಿ, ಅದರಲ್ಲಿ ಬಿ12 ಇದ್ದರೆ ಅಂಕಿ ಸುಳ್ಳಾಗಿ ಏರುತ್ತದೆ. ವರದಿಯಲ್ಲಿ 200 pg/mLಗಿಂತ ಕಡಿಮೆ ಬಂದರೆ ಕೊರತೆ, 200ರಿಂದ 300 ಅನುಮಾನದ ಮಟ್ಟ. ಜೊತೆಗೆ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಸಕ್ಕರೆ), ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್ (ಕಿಡ್ನಿಗೆ), ಬೆಳಿಗ್ಗೆ 8 ಗಂಟೆಯ ಕಾರ್ಟಿಸಾಲ್ (ಅಡ್ರಿನಲ್ ಗ್ರಂಥಿಯ ಹಾರ್ಮೋನು). ಸೇವೆಯಲ್ಲಿದ್ದಾಗ ತಲೆಗೆ ಜೋರು ಪೆಟ್ಟು, ಸ್ಫೋಟದ ಆಘಾತ ಆಗಿದ್ದರೆ ವೈದ್ಯರಿಗೆ ಹೇಳಲೇಬೇಕು. ಅಂಥ ಪೆಟ್ಟಿನಿಂದ ಮಿದುಳಿನ ಬುಡದಲ್ಲಿದ್ದು ಹಾರ್ಮೋನು ನಿಯಂತ್ರಿಸುವ ಪಿಟ್ಯುಟರಿ ಗ್ರಂಥಿ ಸೊರಗಿ ವರ್ಷಗಳ ನಂತರವೂ ಇಂಥದೇ ಸುಸ್ತು ಬರುವುದುಂಟು.

ಟ್ಯಾಮ್ಸುಲೋಸಿನ್ ಮತ್ತು ಬಿಪಿ ಗುಳಿಗೆಯಲ್ಲಿರುವ ಆ ಥಯಾಜೈಡ್ (ಮೂತ್ರ ಹೆಚ್ಚಿಸುವ ಔಷಧ), ಎರಡೂ ನಿಂತಾಗ ಬಿಪಿ ಇಳಿಸಬಲ್ಲವು. ನೀವಾಗಿ ನಿಲ್ಲಿಸಬೇಡಿ. ಅಂಕಿ ಬರೆದ ಹಾಳೆ ತೋರಿಸಿ ಬದಲಿ ಕೇಳಿ.

ಹಳೇ_ನರ್ಸಿಂಗ್_ಅಸಿಸ್ಟೆಂಟ್:
ತಂಗಿ, ಆ 5 ಕಿಲೋಮೀಟರ್ ಓಟ ಇವತ್ತಿಂದ ಬಂದ್ ಮಾಡ್ಸ್ರಿ. ದಣಿದ ತಾಸಿಗೆ ಅಲ್ಲ, ಮರುದಿನ, ಅದರ ಮರುದಿನ ಹಾಸಿಗಿ ಹಿಡಿಯೂದು ದೀರ್ಘಕಾಲದ ಆಯಾಸ ರೋಗದ ಮುಖ್ಯ ಗುರುತು. ಆರು ತಿಂಗಳ ಮ್ಯಾಲಿನ ಸುಸ್ತು, ದುಡಿದ ಮ್ಯಾಲೆ ಬೀಳೂದು, ನಿದ್ದಿ ಮಾಡಿದ್ರೂ ಚೇತರಿಸಿಕೊಳ್ಳದೇ ಇರೂದು, ಇವುಗಳ ಸಂಗಾಟ ಮರೆವು-ಮಂಕು ಇಲ್ಲಾ ನಿಂತಾಗ ತೊಂದರಿ ಇದ್ರ ಆ ಹೆಸರು ಕೊಡ್ತಾರ. ಆದ್ರ ಬಿ12, ಸಕ್ಕರಿ, ಔಷಧ, ನಿದ್ದಿ ಎಲ್ಲಾ ನೋಡಿ ಮುಗದ ಮ್ಯಾಲೆ. ಹೆಸರು ಸಿಕ್ಕರೂ ಸಿಗದಿದ್ರೂ ಓಡಿಸಿ ವಾಸಿ ಮಾಡೂದು ಆಗೂದಿಲ್ಲ. ಬ್ರಿಟನ್ನಿನ್ಯಾಗ ಚಿಕಿತ್ಸಾ ಮಾರ್ಗಸೂಚಿ ಕೊಡೂ ನೈಸ್ ಸಂಸ್ಥೆ 2021ರಾಗ ದಿನಾ ವ್ಯಾಯಾಮ ಏರಿಸ್ಕೋತ ಹೋಗೂ ಪದ್ಧತಿನ್ನ ಈ ರೋಗಕ್ಕ ಕೈಬಿಟ್ಟದ. ಫೌಜಿನ್ಯಾಗ "ನೋವು ನುಂಗು, ಮುಂದ ನಡಿ" ಅಂತ ಕಲಿಸಿರ್ತಾರ. ಇಲ್ಲೆ ಅದ ಮುಳುವಾಗ್ತದ.

ಒಂದು ನೋಟ್‌ಬುಕ್ ಇಡ್ರಿ: ಇವತ್ತು ಏನು ಮಾಡಿದ್ರು, ಎಷ್ಟು ನಿಮಿಷ, ಮರುದಿನ ಹೆಂಗಿದ್ರು. ಎರಡು ವಾರದಾಗ ಅವರ ಮಿತಿ ಗೊತ್ತಾಗ್ತದ. ಚಲೋ ದಿನನೂ ಆ ಮಿತಿಯ ಮುಕ್ಕಾಲು ಪಾಲಿಗೆ ನಿಲ್ಲಸ್ರಿ.

ಗೊರಕಿ ಹೊಡೀತಾರೇನು? ನಡುವ ಉಸಿರು ಕಟ್ಟಿದಂಗ ಆಗ್ತದೇನು? ಕೊರಳ ಸುತ್ತಳತಿ 40 ಸೆಂಟಿಮೀಟರ್ ದಾಟ್ಯದೇನು? ಹೌದಾದ್ರ ರಾತ್ರಿ ನಿದ್ದಿ ಪರೀಕ್ಷಾ ಮಾಡಿಸ್ರಿ. ಕೆಟ್ಟ ಕನಸು, ಸಣ್ಣ ಸಪ್ಪಳಕ್ಕ ಬೆಚ್ಚಿ ಬೀಳೂದು ಇದ್ರ ಧಾರವಾಡದ ಡಿಮ್‌ಹಾನ್ಸ್ (ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರಿ) ಅದ, ಇಲ್ಲಾ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮನಸ್ 14416ಕ್ಕ ಫೋನ್ ಮಾಡ್ರಿ. ಅದನ್ನ ಹೇಳಿಕೊಂಡ್ರ ಬಿಪಿ ತಪಾಸಣಿ ಬಿಟ್ಟುಬಿಡ್ತಾರ ಅಂತ ಅಂಜಬ್ಯಾಡ್ರಿ, ಎರಡೂ ಒಟ್ಟಿಗೆ ಇರ್ತಾವ.

ಖರ್ಚಿಗೆ: ಇ.ಸಿ.ಎಚ್.ಎಸ್. (ಮಾಜಿ ಸೈನಿಕರ ಆರೋಗ್ಯ ಯೋಜನೆ) ಕಾರ್ಡ್ ಇದ್ರ ಮೊದಲು ಅದರ ಪಾಲಿಕ್ಲಿನಿಕ್ಕಿಗೆ ಹೋಗಿ ರೆಫರಲ್ ತಗೊಂಡು ಆಮ್ಯಾಲೆ ದೊಡ್ಡ ದವಾಖಾನಿ. ತುರ್ತು ಅಲ್ಲದಾಗ ರೆಫರಲ್ ಇಲ್ಲದ ಹೋದ್ರ ಬಿಲ್ ನಿಮ್ಮ ತೆಲಿಮ್ಯಾಲೆ. ಬರೇ "ಸುಸ್ತು" ಅಂತ ಬರಸಬ್ಯಾಡ್ರಿ. "ನಿಂತಾಗ ಬಿಪಿ ಕುಸಿತ, ಪಾದದ ನರದ ತೊಂದರೆ" ಅಂತ ಅಂಕಿ ಸಮೇತ ಬರಸ್ರಿ. ರಿಲೀಸ್ ಮೆಡಿಕಲ್ ಬೋರ್ಡಿನ (ನಿವೃತ್ತಿ ವ್ಯಾಳ್ಯಾದ ವೈದ್ಯಕೀಯ ತಪಾಸಣಿ) ಕಾಗದ, ಡಿಸ್ಚಾರ್ಜ್ ಬುಕ್ ಝೆರಾಕ್ಸ್ ಮಾಡಿ ಇಡ್ರಿ, ಮುಂದ ಡಿಸೆಬಿಲಿಟಿ ಪೆನ್ಷನ್ ಕೇಳೂದಿದ್ರ ಅವು ಬೇಕಾಗ್ತಾವ.

ಎರಿಹೊಲ:
ಗಲ್ಫಿನ ಮಾತಿಗೆ ಬರ್ತೇನಿ. 1990-91ರ ಆ ಯುದ್ಧಕ್ಕ ಹೋದ ಸುಮಾರು 7 ಲಕ್ಷ ಅಮೆರಿಕನ್ ಸೈನಿಕರಾಗ ನಾಲ್ವರೊಳಗ ಒಬ್ಬರಿಗಾದ್ರೂ ಸುಸ್ತು, ಮೈನೋವು, ಮರೆವು ಹತ್ತಿತು. ನಮ್ಮ ಸೇನೆ ಆ ಯುದ್ಧದಾಗ ಕಾದಾಡಿಲ್ಲ, ಹಂಗಾಗಿ ಅದ ಹೆಸರು ಇಲ್ಲಿ ಹಚ್ಚಬ್ಯಾಡ್ರಿ. ಆದ್ರ ಕಾರಣದಾಗ ಒಂದು ಎಳಿ ನಿಮ್ಮ ಹೊಲದ ತನಕ ಬರತೈತಿ. 2022ರಾಗ ಟೆಕ್ಸಾಸ್ ಸಂಶೋಧಕರು ಬೊಟ್ಟು ಮಾಡಿದ್ದು ಸಾರಿನ್ ಅನ್ನೂ ನರಕ್ಕ ಹೊಡಿಯೂ ವಿಷಾನಿಲಕ್ಕ. ಪಾನ್1 ಅನ್ನೂ ಜೀನು ದುರ್ಬಲ ಇದ್ದವರಿಗೆ ಪೆಟ್ಟು ಜಾಸ್ತಿ ಅಂದ್ರು. ಸಾರಿನ್ನೂ, ನಾವು ಮೆಣಸಿನಗಿಡಕ್ಕ ಹೊಡಿಯೂ ಪ್ರೊಫೆನೋಫಾಸ್, ಕ್ಲೋರ್‌ಪೈರಿಫಾಸ್, ಅಸಿಫೇಟ್‌ಗಳೂ ಒಂದ ಕುಲ, ಆರ್ಗನೋಫಾಸ್ಫೇಟ್. ಸಾರಿನ್ನಿನ ಜೋರು ಬ್ಯಾರೆ, ಆದ್ರ ನರದ ಮ್ಯಾಲೆ ಕೆಲಸ ಮಾಡೂ ದಾರಿ ಒಂದ: ಕೋಲಿನೆಸ್ಟರೇಸ್ ಅನ್ನೂ ಕಿಣ್ವ ಕಟ್ಟಿಹಾಕ್ತಾವ.

ಮಾವನವರು ತಾವ ಔಷಧ ಹೊಡೀತಾರೇನು? ಬೆನ್ನಿನ ಪಂಪಿನ ಮುಚ್ಚಳದ ವಾಶರ್ ಸವೆದ್ರ ಔಷಧ ಬೆನ್ನಗುಂಟ ಸೊಂಟದ ತನಕ ಇಳೀತೈತಿ. ಅಂಗಿ ಹಸಿ ಆದದ್ದು ಬೆವರು ಅಂತ ಬಿಡ್ತಾರ. ಉಸಿರಿಗಿಂತ ಚರ್ಮದಾಗ ಹೋಗೂದ ಹೆಚ್ಚು. ವಾಶರ್ ಬದಲಿಸ್ರಿ, ತುಂಬುವಾಗ ನೈಟ್ರೈಲ್ ಕೈಗವಸು ಹಾಕ್ರಿ, ಹೊಡೆದ ಅಂಗಿ ಬ್ಯಾರೆ ಬಕೆಟ್‌ನ್ಯಾಗ ತೊಳೀರಿ.

ರಕ್ತದ ಕೋಲಿನೆಸ್ಟರೇಸ್ ಪರೀಕ್ಷಾ ಐತಿ, ಆದ್ರ ಒಂದ ಸಲ ನೋಡಿದ್ರ ಉಪಯೋಗ ಕಮ್ಮಿ. ನಾರ್ಮಲ್ ಮಟ್ಟ ಅಷ್ಟು ಅಗಲ ಐತಿ, ಅರ್ಧ ಇಳಿದ್ರೂ "ನಾರ್ಮಲ್" ಅಂತ ಬರಬಹುದು. ಒಂದು ತಿಂಗಳಿಗಿಂತ ಹೆಚ್ಚು ಔಷಧ ಮುಟ್ಟದ ಇದ್ದಾಗ ಒಮ್ಮೆ, ಹಂಗಾಮಿನ ನಡುವ ಒಮ್ಮೆ ಮಾಡಿಸ್ರಿ. ಅವರದ ಮೊದಲಿನ ಅಂಕಿಗಿಂತ ನೂರಕ್ಕ 20 ಇಳಿದಿದ್ರ ಬ್ಯಾರೆಯವರ ಕಡಿಂದ ಹೊಡಸ್ರಿ. ಹೊಡೆದ ದಿನ ಜೊಲ್ಲು, ಕಣ್ಣೀರು, ವಾಂತಿ, ಉಸಿರಿನ ತೊಂದರಿ ಬಂದ್ರ ತಡ ಮಾಡದ ದೊಡ್ಡ ಆಸ್ಪತ್ರಿ, ಬಾಟ್ಲಿ ಲೇಬಲ್ ಸಮೇತ.

ಸವಣೂರ_ಎಲಿ:
ಎಲ್ಲಾರಿಗೂ ಧನ್ಯವಾದ್ರಿ. ಗೋಡೆ ಪರೀಕ್ಷಾ ಇವತ್ತ ಮಾಡಿದ್ವಿ. ಮಲಗಿದಾಗ 146/84, ನಾಡಿ 70. ನಿಂತು 1 ನಿಮಿಷಕ್ಕ 124/76, ನಾಡಿ 73. 3 ನಿಮಿಷಕ್ಕ 112/70, ನಾಡಿ 76. ತೆಲಿ ತಿರಗಾಕ ಹತ್ತಿತು, ಕೂಡಿಸಿದ್ವಿ. ಔಷಧ ತಾವ ಹೊಡೀತಾರ, ಪಂಪು ಸೋರತೈತಿ. ಬಿ12ಕ್ಕ ನಾಳೆ ರಕ್ತ ಕೊಡ್ತೀವಿ.

ನಾಡಿಬಡಿತ:
ಬಿಪಿ 34 ಇಳಿದಿದೆ, ನಾಡಿ ಏರಿದ್ದು 6 ಮಾತ್ರ. 6ನ್ನು 34ರಿಂದ ಭಾಗಿಸಿದರೆ 0.18. ನೀರು ಕಡಿಮೆಯಾಗಿ ಬಿಪಿ ಇಳಿದಿದ್ದರೆ ನಾಡಿ ಜೋರಾಗಿ ಓಡಬೇಕಿತ್ತು. ಈ ಭಾಗಲಬ್ಧ 0.5ಕ್ಕಿಂತ ಕಡಿಮೆ ಬಂದರೆ ನರದ ಕಡೆಗೇ ಅನುಮಾನ. ಸಕ್ಕರೆ ಕಾಯಿಲೆ, ಬಿ12, ಎರಡೂ ಇದನ್ನು ಮಾಡಬಲ್ಲವು. ಗುಳಿಗೆಗಳು ಮೇಲೆ ಹೊರೆ ಹಾಕುತ್ತಿವೆ. ಹಾಳೆಯ ಜೊತೆ ನರರೋಗ ವೈದ್ಯರ ಹತ್ತಿರ ಹೋಗಿ, ಹುಬ್ಬಳ್ಳಿಯ ಕಿಮ್ಸ್ (ಈಗಿನ ಹೆಸರು ಕೆಎಂಸಿಆರ್‌ಐ, ಸರ್ಕಾರಿ ಆಸ್ಪತ್ರೆ) ನಿಮಗೆ ಹತ್ತಿರ. ಮಲಗಿದಾಗ ಬಿಪಿ ಹೆಚ್ಚೇ ಇರುವುದರಿಂದ, ನಿಂತಾಗ ಬಿಪಿ ಕುಸಿಯುವವರಿಗೆ ಸಾಮಾನ್ಯವಾಗಿ ಹೇಳುವ "ಉಪ್ಪು ಜಾಸ್ತಿ ತಿನ್ನಿ" ಎಂಬ ಸಲಹೆ ಇವರಿಗೆ ವೈದ್ಯರನ್ನು ಕೇಳದೆ ಬೇಡ.

ಅಲ್ಲಿಯವರೆಗೆ: ಏಳುವ ಮುನ್ನ ಹಾಸಿಗೆಯಲ್ಲೇ ಕೂತು 5 ನಿಮಿಷದೊಳಗೆ ಎರಡು ದೊಡ್ಡ ಲೋಟ, ಅರ್ಧ ಲೀಟರ್ ನೀರು (ಹೃದಯ, ಕಿಡ್ನಿ ತೊಂದರೆ ಇಲ್ಲದಿದ್ದರೆ). ಎರಡು ನಿಮಿಷ ಕಾಲು ಇಳಿಬಿಟ್ಟು ಕೂತು, ಪಾದ ಆಡಿಸಿ, ಆಮೇಲೆ ನಿಲ್ಲಲಿ. ರೊಟ್ಟಿ-ಅನ್ನ ಒಂದೇ ಹೊತ್ತಿಗೆ ಹೊಟ್ಟೆ ತುಂಬ ಬೇಡ, ಅದನ್ನೇ ಐದು ಹೊತ್ತಿಗೆ ಹಂಚಿ. ಉಂಡ ಎರಡು ತಾಸು ಹೊಲದ ಕೆಲಸ ಬೇಡ. ರಾತ್ರಿ ಮೂತ್ರಕ್ಕೆ ಎದ್ದರೆ ಕೂತೇ ಮಾಡಲಿ.

ಮಂಚದ ತಲೆಕಡೆಯ ಎರಡು ಕಾಲಿಗೆ ಎರಡೆರಡು ಇಟ್ಟಿಗೆ ಅಡ್ಡ ಮಲಗಿಸಿ ಇಡಿ, ಸುಮಾರು ಆರು ಇಂಚು ಏರುತ್ತದೆ. ತಲೆದಿಂಬು ಏರಿಸಿದರೆ ಆಗದು, ಇಡೀ ಮೈ ಇಳಿಜಾರಾಗಬೇಕು. ಸಪಾಟು ಮಲಗಿದರೆ ರಾತ್ರಿಯಿಡೀ ಕಿಡ್ನಿ ಉಪ್ಪು-ನೀರು ಹೊರಹಾಕಿ ಬೆಳಿಗ್ಗೆ ಬಿಪಿ ಇನ್ನೂ ಕುಸಿಯುತ್ತದೆ. ಇಟ್ಟಿಗೆ ಮೇಲೆ ಹಳೆ ಸೈಕಲ್ ಟೈರಿನ ತುಂಡು ಹಾಕಿ ಮಂಚದ ಕಾಲು ಇಡಿ, ಜಾರುವುದಿಲ್ಲ.

ಸವಣೂರ_ಎಲಿ:
ಇಟ್ಟಿಗಿ ಇಟ್ವಿ. ಪಂಪಿನ ವಾಶರೂ ಬಂತು. ಬಿ12 ವರದಿ ಬಂದ ಕೂಡ್ಲೇ ಇಲ್ಲೇ ಹಾಕ್ತೇನ್ರಿ.