ಗೇಣಿ ಗದ್ದೆ ಪಹಣಿಗೆ ಬಂತು, ಹಿಂದಿನ ಗುಡ್ಡದ ಗತಿ ಏನು?

ಮಕ್ಕಿಗದ್ದೆ:
ನಮ್ಮದು ಸಾಗರ ತಾಲೂಕು. ಅಜ್ಜ ಗೇಣಿ ಮಾಡುತ್ತಿದ್ದ ಒಂದು ಎಕರೆ ಚಿಲ್ಲರೆ ಗದ್ದೆ, ಗೇಣಿದಾರರು ಭೂಮಿ ಕೇಳುವ ಅರ್ಜಿ ಫಾರಂ 7 ಹಾಕಿ ಅವರ ಹೆಸರಿಗೆ ಆಗಿತ್ತು. ಈಗ ಅದು ಅಪ್ಪ, ಇಬ್ಬರು ಚಿಕ್ಕಪ್ಪಂದಿರ ನಡುವೆ ಪಾಲಾಗಿ ವರ್ಷದ ಊಟಕ್ಕೂ ಸಾಲುವುದಿಲ್ಲ. ಗದ್ದೆ ಹಿಂದಿನ ಗುಡ್ಡದ ಬುಡದಲ್ಲಿ ಅಪ್ಪ ತೊಂಬತ್ತರ ದಶಕದಲ್ಲಿ ಅಡಿಕೆ ಹಾಕಿದ್ದರು, ಮನೆ ನಡೆಯುತ್ತಿರುವುದೇ ಅದರಿಂದ. ಆದರೆ ದಾಖಲೆಯಲ್ಲಿ ಅದು ಅರಣ್ಯ. ಸರ್ಕಾರಿ ಜಾಗದ ಸಾಗುವಳಿ ಸಕ್ರಮ ಮಾಡಿ ಅಂತ ಹಾಕಿದ ಬಗರ್ ಹುಕುಂ ಅರ್ಜಿ ವಾಪಸ್ ಬಂತು, ಸೊಸೈಟಿ ಸಾಲವೂ ಇಲ್ಲ. ಮುಂದೇನು ಮಾಡಬೇಕು? ಭೂಸುಧಾರಣೆಯಲ್ಲಿ ಭೂಮಿ ಸಿಕ್ಕ ಮನೆಯವರೇ ಒತ್ತುವರಿದಾರರು ಅನ್ನಿಸಿಕೊಳ್ಳುವುದು ಹೇಗೆ ಮಾರಾಯ್ರೆ?

ಹೊಸನಗರದವ:
ಅರಣ್ಯ ಅಂತ ಇದ್ದರೆ ಬಗರ್ ಹುಕುಂನ ಫಾರಂ 50, 53, 57 ಯಾವುದನ್ನು ಹಾಕಿದರೂ ಅಷ್ಟೇ, ಬಗರ್ ಹುಕುಂ ಸಮಿತಿಗೆ ಕಾಡು ಕೊಡುವ ಅಧಿಕಾರ ಇಲ್ಲ. ನಿಮ್ಮ ದಾರಿ 2006ರ ಅರಣ್ಯ ಹಕ್ಕು ಕಾಯ್ದೆ. ಸಾಗುವಳಿ 2005ರ ಡಿಸೆಂಬರ್ 13ಕ್ಕೆ ಮೊದಲಿನದಾಗಿರಬೇಕು, ಪರಿಶಿಷ್ಟ ಪಂಗಡದವರಲ್ಲದಿದ್ದರೆ ಅದಕ್ಕೂ ಹಿಂದಿನ 75 ವರ್ಷದ ವಾಸ ತೋರಿಸಬೇಕು. ಇಲ್ಲೇ ಎಲ್ಲರೂ ಎಡವುವುದು. 75 ವರ್ಷ ಅದೇ ತುಂಡು ಜಾಗ ಉತ್ತಿದ್ದೀರಿ ಅಂತಲ್ಲ, ಆ ಕಾಡನ್ನು ನಂಬಿ ಅಲ್ಲೇ ಬದುಕಿದ್ದೀರಿ ಅಂತ ತೋರಿಸಿದರೆ ಸಾಕು. ಅಜ್ಜನ ಫಾರಂ 7 ಕಡತದ ನಕಲು ತೆಗೆಸಿ. ಅದರಲ್ಲಿ ಗೇಣಿ ರಸೀದಿ, ಸಾಕ್ಷಿಗಳ ಹೇಳಿಕೆ, ಹಳೇ ಪಹಣಿ ಏನಾದರೂ ಸಿಗುತ್ತದೆ. ಊರಿನ ಹಿರಿಯರ ಹೇಳಿಕೆಯನ್ನೂ ಬರೆಸಿ ಜೊತೆಗಿಡಿ, ಅದಕ್ಕೆ ನಿಯಮದಲ್ಲೇ ಜಾಗ ಇದೆ. ಒಂದು ಮಾತು, ಹಕ್ಕುಪತ್ರ ಬಂದರೂ ಮಾರುವ ಹಾಗಿಲ್ಲ, ಮಕ್ಕಳಿಗೆ ಹೋಗುತ್ತದೆ ಅಷ್ಟೇ.

ಕೊಳಗ:
ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ. 1951ರಲ್ಲಿ ನಿಮ್ಮ ಸಾಗರ ತಾಲೂಕಿನ ಕಾಗೋಡಿನಲ್ಲಿ ಗೇಣಿ ಮಾಡುತ್ತಿದ್ದ ದೀವರು ಗಲಾಟೆ ಎಬ್ಬಿಸಿದ್ದೇ ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಅಂತ. ಸಮಾಜವಾದಿ ನಾಯಕ ಲೋಹಿಯಾ ಬಂದು ಜೈಲಿಗೆ ಹೋದರು. 1974ರಲ್ಲಿ ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ತಿದ್ದುಪಡಿ ಬಂತು, ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ, ಅಲ್ಲಿಂದ ಉಳುವವನಿಗೆ. ದೊಡ್ಡ ಕೆಲಸವೇ, ಅಲ್ಲ ಅನ್ನುವುದಿಲ್ಲ. ಆದರೆ ಕಾನೂನು ಎಣಿಸಿದ್ದು ಉಳುವ ನೆಲವನ್ನು ಮಾತ್ರ. ಮಲೆನಾಡಿನಲ್ಲಿ ಗದ್ದೆ ಗದ್ದೆಯಿಂದ ಬದುಕುತ್ತದಾ? ಕೊಟ್ಟಿಗೆಗೆ ಹಾಸುವ ದರಗು (ಒಣಎಲೆ), ಬೇಲಿಗೆ ಗೂಟ, ಒಲೆಗೆ ಸೌದೆ, ದನಕ್ಕೆ ಮೇವು ಎಲ್ಲ ಗುಡ್ಡದ್ದು. ಗದ್ದೆ ಕೊಟ್ಟು ಗುಡ್ಡ ಬಿಟ್ಟರು. ಸಂಸಾರ ಬೆಳೆದ ಮೇಲೆ ಜನ ಗುಡ್ಡಕ್ಕೇ ಹತ್ತಬೇಕಾಯಿತು.

ಶಿರಸಿ ತೋಟ:
ಗದ್ದೆಯವರಿಗೆ ಗುಡ್ಡ ಬಿಟ್ಟುಹೋಯಿತು ಅಂದಿರಿ, ಆದರೆ ಅಡಿಕೆ ತೋಟದವರಿಗೆ ಬೆಟ್ಟ ಇದೆ ಅಂತ ಹೊಟ್ಟೆಕಿಚ್ಚು ಬೇಡ ಮಾರಾಯ್ರೆ. ಉತ್ತರ ಕನ್ನಡದಲ್ಲಿ ಅಡಿಕೆ ತೋಟದ ಎಕರೆಗೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು ಇದೆ, ಸರಿ. ಆದರೆ ಸೊಪ್ಪು ಕೊಯ್ಯಬಹುದು, ಜಾಗ ನಮ್ಮದಲ್ಲ.

ಕೊಳಗ:
ಕೊಯ್ಯುವುದಕ್ಕಾದರೂ ಇದೆಯಲ್ಲ. ಗದ್ದೆಯವನಿಗೆ ಅದೂ ಇಲ್ಲ.

ಸಾಲುಮನೆ:
ನೀವಿಬ್ಬರೂ ಜಮೀನಿದ್ದವರೇ! ನಮ್ಮಮ್ಮ ಅದೇ ಗೇಣಿ ಗದ್ದೆಗಳಲ್ಲಿ ನಾಟಿ ಮಾಡಿದವಳು. ಕೂಲಿಯವರಿಗೆ ಫಾರಂ 7 ಅನ್ವಯಿಸಲೇ ಇಲ್ಲ. ಗೇಣಿದಾರನಿಗೆ ಗದ್ದೆ, ಒಡೆಯನಿಗೆ ಪರಿಹಾರ, ಕೂಲಿಯವಳಿಗೆ ಹಿಂದಿನಂತೆ ಕೂಲಿ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಬರೆದೆ. ನಮಗೂ ಬೇಕಿರುವುದು ಗುಡ್ಡವೇ. ಉಪ್ಪಾಗೆ ಹಣ್ಣು, ಜೇನು, ದರಗು. ಅರಣ್ಯ ಹಕ್ಕು ಕಾಯ್ದೆಯಲ್ಲಿ ಇದಕ್ಕೆ ಊರಿಗೆಲ್ಲ ಸೇರಿ ಸಮುದಾಯ ಹಕ್ಕು ಕೇಳಬಹುದು. ಎಲ್ಲರೂ ಸುಮ್ನೆ ತಮ್ಮ ತಮ್ಮ ತೋಟದ ಅರ್ಜಿ ಹಿಡಿದು ಓಡುತ್ತಾರೆ.

ಮಕ್ಕಿಗದ್ದೆ:
ಸಮುದಾಯ ಅರ್ಜಿ ವಿಷಯ ಗೊತ್ತೇ ಇರಲಿಲ್ಲ. ಎರಡೂ ಒಟ್ಟಿಗೆ ಹಾಕಬಹುದಾ?

ಹೊಸನಗರದವ:
ಹಾಕಬಹುದು, ಅರ್ಜಿ ನಮೂನೆ ಬೇರೆ ಬೇರೆ. ಎರಡನ್ನೂ ಗ್ರಾಮಸಭೆಯ ಅರಣ್ಯ ಹಕ್ಕು ಸಮಿತಿಗೇ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ತಿರಸ್ಕರಿಸಿದರೆ ಕಾರಣ ಬರಹದಲ್ಲಿ ಕೇಳಿ, ಮೇಲ್ಮನವಿಗೆ 60 ದಿನ ಇದೆ.